ಬೇಡಪ್ಪನ ತಕ್ಕಡಿ, ಅತ್ತೆಯ ಬಾಯಿ

ಹೆತ್ತವರು ಇಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ಕಾರ್ಖಾನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವನು ಬೇಡಪ್ಪನೇ. ಕ್ಯಾಂಟೀನಿನವನು "ಇನ್ನೊಂದು ಟೀ ಹಾಕ್ಲಾ ಸಾರ್?" ಎಂದು ಕೇಳಿ ಮುಗಿಸುವಷ್ಟರಲ್ಲಿ "ಬೇಡಪ್ಪ" ಎಂದಾಗಿರುತ್ತಿತ್ತು. ವಿಮೆ ಮಾರುವವನು ಗೇಟಿನ ಚಿಲಕಕ್ಕೆ ಕೈ ಹಾಕುವ ಮೊದಲೇ ಒಳಗಿನಿಂದ "ಬೇಡಪ್ಪ". ಕೊಡೆ ತಗೊಂಡು ಹೋಗಿ ಎಂದು ಹೆಂಡತಿ ಹೇಳಿದರೆ "ಬೇಡ", ಸಂಜೆ ತೊಯ್ದು ತೊಪ್ಪೆಯಾಗಿ ಬಂದವನಿಗೆ ಟವೆಲ್ ಚಾಚಿದರೆ ಅದೂ "ಬೇಡ". ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ತೊಟ್ಟಿಲಲ್ಲಿದ್ದಾಗ ಗಿಲಕಿ ಕೊಟ್ಟರೆ ಅದನ್ನೂ ಹೊರಗೆಸೆಯುತ್ತಿದ್ದ ಎಂದು ಅವನ ತಾಯಿ ಹೆಮ್ಮೆಯೋ ಬೇಸರವೋ ತಿಳಿಯದ ದನಿಯಲ್ಲಿ ಹೇಳುತ್ತಿದ್ದರು.

ಇಂಥವನಿಗೆ ದೇವರು ಹುಡುಕಿ ಹುಡುಕಿ ಕೊಟ್ಟ ಕೆಲಸವೂ ಅಂಥದ್ದೇ. ಬೇಡ ಎನ್ನುವುದಕ್ಕೇ ಸಂಬಳ. ಅವನ ಕಾರ್ಖಾನೆ ಅಂಗಡಿಗಳಿಗೆ ವಿದ್ಯುತ್ ತಕ್ಕಡಿ ಮಾಡುತ್ತಿತ್ತು. ಹೊರಗೆ ನೋಡಿದರೆ ಒಂದು ತಟ್ಟೆ, ಒಂದು ಪರದೆ, ನಾಲ್ಕಾರು ಗುಂಡಿ. ಒಳಗೆ ಮಾತ್ರ ಪುಟ್ಟದೊಂದು ಕಂಪ್ಯೂಟರ್. ಯಾವ ಕಂಪ್ಯೂಟರಿನ ಹೊಟ್ಟೆಯೊಳಗೂ ಕರ್ನಲ್ ಎಂಬ ಯಜಮಾನನೊಬ್ಬ ಕೂತಿರುತ್ತಾನೆ. ಪರದೆಯಿರಲಿ, ಗುಂಡಿಯಿರಲಿ, ಅವನ ಅಪ್ಪಣೆಯಿಲ್ಲದೆ ಮಿಸುಕುವಂತಿಲ್ಲ. ಆದರೆ ಯಜಮಾನನಿಗೆ ಅವುಗಳ ಭಾಷೆ ಬಾರದು. ಒಂದೊಂದಕ್ಕೂ ಒಬ್ಬೊಬ್ಬ ದುಭಾಷಿ ಬೇಕು. ಆ ದುಭಾಷಿಯನ್ನೇ ಡ್ರೈವರ್ ಎನ್ನುವುದು. ಲೋಕದಲ್ಲಿರುವ ಚಿತ್ರವಿಚಿತ್ರ ಸಾಮಾನಿಗೆಲ್ಲ ಯಾರೋ ಪುಣ್ಯಾತ್ಮರು ಡ್ರೈವರ್ ಬರೆದಿಟ್ಟಿದ್ದಾರೆ. ಹೊಸ ಕರ್ನಲ್ ಕಟ್ಟಲು ಕೂತರೆ ಒಂದನ್ನೂ ಬಿಡದೆ ಕೇಳುತ್ತದೆ. ಕ್ಯಾಮರಾ ಇರಲಾ? ರೇಡಿಯೋ ಇರಲಾ? ಕಾರಿನ ಆಟ ಆಡುವ ಸ್ಟೀರಿಂಗು ಇರಲಾ? ಉತ್ತರ ಮೂರೇ. ವೈ ಒತ್ತಿದರೆ ಇರಲಿ, ಒಳಗೇ ಸೇರಿಸಿಬಿಡು. ಎನ್ ಒತ್ತಿದರೆ ಬೇಡ. ಎಂ ಒತ್ತಿದರೆ ಹೊರಗೆ ಜಗಲಿಯಲ್ಲಿ ಕೂರಿಸು, ಬೇಕಾದಾಗ ಕರೆಯೋಣ, ಸಾಕಾದಾಗ ಕಳಿಸೋಣ.

ತಕ್ಕಡಿಯ ಒಳಗೆ ಜಾಗ ಇಕ್ಕಟ್ಟು. ಬೆಳಿಗ್ಗೆ ಅಂಗಡಿಯವನು ಸ್ವಿಚ್ ಹಾಕಿದ ಕೂಡಲೇ ಅದು ಏಳಬೇಕು, ಇಲ್ಲದಿದ್ದರೆ ಈರುಳ್ಳಿ ಹಿಡಿದು ನಿಂತ ಗಿರಾಕಿ ಪಕ್ಕದಂಗಡಿಗೆ ನಡೆಯುತ್ತಾನೆ. ಆದ್ದರಿಂದ ಬೇಡಪ್ಪ ಎನ್, ಎನ್, ಎನ್ ಎಂದು ಒತ್ತುತ್ತಲೇ ಹೋಗುತ್ತಿದ್ದ. ಅವನ ಕೀಲಿಮಣೆಯಲ್ಲಿ ಆ ಒಂದು ಗುಂಡಿಯ ಮೇಲಿನ ಅಕ್ಷರ ಸವೆದು ಬೋಳಾಗಿತ್ತು. ಹೀಗೆ ವರ್ಷಗಟ್ಟಲೆ ತಿದ್ದಿ ತೀಡಿದ ಉತ್ತರಗಳ ಕಡತವೊಂದು ಅವನಲ್ಲಿತ್ತು. ಹೊಸ ಕರ್ನಲ್ ಬಂದಾಗ ಅದನ್ನು ಮುಂದಿಟ್ಟರೆ ಸಾಕು, ಯಂತ್ರ ಹಳೆಯ ಪ್ರಶ್ನೆಗಳನ್ನು ಮತ್ತೆ ಕೇಳುತ್ತಲೇ ಇರಲಿಲ್ಲ. ಒಮ್ಮೆ ಬೇಡ ಅಂದರೆ ಬೇಡವೇ. ಇಷ್ಟು ಮರ್ಯಾದೆಯನ್ನು ಮನೆಯಲ್ಲಿ ಯಾರೂ ಅವನಿಗೆ ಕೊಟ್ಟಿರಲಿಲ್ಲ.

ಮನೆಯೆಂದರೆ ಅದು ಅತ್ತೆಯ ಮನೆ. ಅವನ "ಬೇಡ"ಕ್ಕೆ ಕವಡೆ ಕಿಮ್ಮತ್ತೂ ಕೊಡದ ಜೀವ ಭೂಮಿಯ ಮೇಲೆ ಅತ್ತೆಯೊಬ್ಬರೇ. ಮದುವೆಯಾದ ಹೊಸತರಲ್ಲಿ "ಮನೆ ಅಳಿಯನಾಗೋದು ಮಾತ್ರ ಬೇಡ" ಎಂದು ಅವನು ಎದೆಯುಬ್ಬಿಸಿ ಹೇಳಿದ್ದ. ಅತ್ತೆ ಕೈಯಲ್ಲಿದ್ದ ಪೊರಕೆಯನ್ನೂ ಕೆಳಗಿಡದೆ, "ಎಲ್ಲದಕ್ಕೂ ಬೇಡ ಅನ್ನೋರಿಗೆ ಬಾಡಿಗೆ ಮನೆ ಯಾರು ಕೊಡ್ತಾರೆ ಅಳಿಯಂದಿರೇ? ಮೇಲಿನ ಕೋಣೆ ಖಾಲಿಯಿದೆ. ಸಂಜೆ ಒಳಗೆ ಪೆಟ್ಟಿಗೆ ತನ್ನಿ" ಎಂದರು. ಪೆಟ್ಟಿಗೆ ಸಂಜೆಯ ಒಳಗೆ ಬಂತು.

ಅತ್ತೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು. ಸಾಲುಸಾಲು ಹೊಲಿಗೆ ಯಂತ್ರಗಳ ಗಡಗಡದ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲು ಕಂಚಿನ ಗಂಟೆಯಾಗಿತ್ತು. ಕಾರ್ಖಾನೆಯ ಆ ತುದಿಯಲ್ಲಿ ನಿಂತು ಈ ತುದಿಯ ಅಂಗಿಯಲ್ಲಿ ಜೋತಾಡುವ ಒಂದೇ ಒಂದು ದಾರ ಕಾಣುವಷ್ಟು ಕಣ್ಣು ಚುರುಕು. ನಿವೃತ್ತರಾದ ಮೇಲೆ ಕಣ್ಣೂ ಗಂಟಲೂ ಎರಡೂ ಪೂರ್ತಿ ಮನೆಯ ಸೇವೆಗೆ ಒದಗಿದವು. ನಲ್ಲಿ ಸೋರಿದರೆ, ಗುಂಡಿ ತಪ್ಪು ಕಾಜಕ್ಕೆ ಹೋದರೆ, ಬಾಗಿಲ ತಿರುಗಣಿ ಕಿರುಗುಟ್ಟಿದರೆ ಅತ್ತೆಯ ಬಾಯಿ ತೆರೆಯುತ್ತಿತ್ತು. ಅಳಿಯನಿಗೆ ಬಹುವಚನ ತಪ್ಪಿಸಿದವರೇ ಅಲ್ಲ. "ಅಳಿಯಂದಿರೇ, ತಾವು ಶುದ್ಧ ಕತ್ತೆ" ಎಂದು ಪೂರ್ಣ ಮರ್ಯಾದೆಯಿಂದಲೇ ಬೈಯುತ್ತಿದ್ದರು. ಮಾವ ಆಯಸ್ಸೆಲ್ಲ ಬಸ್ಸು ಓಡಿಸಿದವರು. "ನಾನು ರಸ್ತೇಲಿ ಹಾರ್ನ್ ಒತ್ತಿದ್ದೇ ಇಲ್ಲ, ಮನೇಲಿ ಕೇಳಿದ್ದೇ ಸಾಕಾಗ್ತಿತ್ತು" ಎಂದು ಅತ್ತೆ ದೂರದಲ್ಲಿದ್ದಾಗ ಪಿಸುಗುಡುತ್ತಿದ್ದರು.

ಆಮೇಲೆ ಅತ್ತೆಯ ಗಂಟಲಲ್ಲಿ ಗಡ್ಡೆ ಬೆಳೆಯಿತು. ಜೀವ ಉಳಿಸಲು ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಸ್ಪತ್ರೆಯಿಂದ ಮನೆಗೆ ಬಂದ ಅತ್ತೆಯ ಕೈಗೆ ಒಂದು ಸ್ಲೇಟು ಕೊಟ್ಟದ್ದಾಯಿತು. ಅದು ಒಂದು ವಾರವೂ ಬಾಳಲಿಲ್ಲ. ಸಿಟ್ಟಿನಿಂದ ಬರೆದು ತೋರಿಸಿದರೆ ಮಾವ "ಇರು, ಕನ್ನಡಕ ಎಲ್ಲಿಟ್ಟೆ" ಎಂದು ಹುಡುಕುತ್ತಿದ್ದರು. ಕನ್ನಡಕ ಹುಡುಕಿಕೊಂಡು ಬಂದು ಓದಿಸಿಕೊಳ್ಳುವ ಬೈಗುಳ ಬೈಗುಳವೇ? ಅತ್ತೆ ಸ್ಲೇಟನ್ನು ಕಸದ ಬುಟ್ಟಿಗೆ ಹಾಕಿದರು. ಇನ್ನು ಸತ್ತರೂ ಯಾರಿಗೂ ಏನನ್ನೂ ಬರೆದು ತೋರಿಸುವವರಲ್ಲ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಕಿಟಕಿಯ ಪಕ್ಕ ಕೂತರೆ ಕೂತೇ ಇರುತ್ತಿದ್ದರು. ಎದುರಿಗೇ ನಲ್ಲಿ ಸೋರುತ್ತಿದ್ದರೂ ಅತ್ತ ನೋಡುತ್ತಿರಲಿಲ್ಲ.

ಅದನ್ನು ಬೇಡಪ್ಪನಿಂದ ನೋಡಲಾಗಲಿಲ್ಲ. ಯಾಕೆಂದು ಅವನಿಗೇ ಗೊತ್ತಾಗಲಿಲ್ಲ. ಹಳೇ ಸಾಮಾನಿನ ಮಾರುಕಟ್ಟೆಯಲ್ಲಿ ಅಲೆದು, ಕುರುಡರ ಕಂಪ್ಯೂಟರಿಗೆಂದು ಯಾರೋ ಯಾವ ಕಾಲದಲ್ಲೋ ಮಾಡಿದ ಮಾತಿನ ಪೆಟ್ಟಿಗೆಯೊಂದನ್ನು ಹೊತ್ತು ತಂದ. ನಡುಮನೆಯ ಹಳೆಯ ಕಂಪ್ಯೂಟರಿಗೆ ಅದನ್ನು ಜೋಡಿಸಿದ. ಕರ್ನಲ್ ಕಟ್ಟುವಾಗ ಮಾತಿನ ಪೆಟ್ಟಿಗೆಯ ಪ್ರಶ್ನೆ ಬಂದಾಗ ಅಪರೂಪಕ್ಕೆ ವೈ ಒತ್ತಿದ. ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಅದಕ್ಕೆ ಕಲಿಸಿದ. ಎಷ್ಟು ಗುದ್ದಾಡಿದರೂ "ಳ" ಮಾತ್ರ ಅದರ ನಾಲಿಗೆಗೆ ಒಗ್ಗಲಿಲ್ಲ. ದನಿ ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ, ರೈಲು ತಡವಾಗಿದೆ ಎಂದು ಸಾರುವವರ ಹಾಗೆ ಏರಿಳಿತವಿಲ್ಲದ್ದು.

ಅತ್ತೆ ಕೀಲಿಮಣೆಯ ಮುಂದೆ ಕೂತು ಬೆರಳು ಒತ್ತಿದರು. ಪೆಟ್ಟಿಗೆ ಮೊದಲ ಬಾರಿಗೆ ಮಾತಾಡಿತು. "ಅಲಿಯಂದಿರೇ, ವೈರು ಸೊಟ್ಟಗಿದೆ."

ಹೆಂಡತಿ ಅಡುಗೆಮನೆಗೆ ಓಡಿ ಬಿಕ್ಕಿಬಿಕ್ಕಿ ಅತ್ತಳು. ಮಾವನ ಕಣ್ಣಲ್ಲೂ ನೀರು ಬಂತು. ತಾನು ಅತ್ತದ್ದು ಬೇರೆ ಕಾರಣಕ್ಕೆ ಎಂದು ಅವರು ಆಮೇಲೆ ಹೇಳಿಕೊಂಡರು.

ಅಂದಿನಿಂದ ಮನೆ ಮೊದಲಿನ ಹಳಿಗೆ ಬಂತು. ಅತ್ತೆಯ ಬೆರಳು ಬಾಯಿಗಿಂತ ಚುರುಕಾದವು. "ಹಾಲಾದೋರೇ, ಬಾಗಿಲು ಹಾಕಿ" ಎಂದು ಪೆಟ್ಟಿಗೆ ತಣ್ಣಗೆ ನುಡಿದರೆ, ಬೈಸಿಕೊಂಡವರಿಗೆ ಹಾಲಾದೆವೋ ಹಾಳಾದೆವೋ ಎಂದು ಒಂದು ಕ್ಷಣ ಅನುಮಾನ ಬರುತ್ತಿತ್ತು, ಅಷ್ಟೇ.

ಹೀಗಿರುವಾಗ ಒಂದು ಶನಿವಾರ ಸಂಜೆ ಬೇಡಪ್ಪನ ಸಾಹೇಬರು ಮನೆಗೆ ಬಂದರು. ಹೊಸ ಮಾದರಿಯ ತಕ್ಕಡಿ ಕಣ್ಣು ಮಿಟುಕಿಸುವುದರೊಳಗೆ ಏಳುತ್ತದೆ, ಅದಕ್ಕೆ ನಿಮ್ಮ ಅಳಿಯನೇ ಕಾರಣ ಎಂದು ಮಾವನ ಮುಂದೆ ಹೊಗಳಿದರು. ಬೇಡಪ್ಪ ನೆಲ ನೋಡುತ್ತಾ ನಾಚಿಕೊಂಡ. ಅಷ್ಟರಲ್ಲಿ ಮೂಲೆಯಿಂದ ಕೀಲಿಮಣೆಯ ಟಕಟಕ ಕೇಳಿಸಿತು.

"ಸಾಹೇಬರೇ, ತಕ್ಕಡಿ ಬೇಗ ಏಲುತ್ತಂತೆ, ಸಂತೋಷ. ನನ್ನ ಯಂತ್ರ ಏಲೋ ಹೊತ್ತಿಗೆ ನನಗೆ ಬಂದ ಸಿಟ್ಟು ಆರಿ ತಣ್ಣಗಾಗಿರುತ್ತೆ. ನಮ್ಮ ಅಲಿಯಂದಿರು ಊರಿಗೆ ಉಪಕಾರಿ, ಮನೆಗೆ ಮಾರಿ."

ಸಾಹೇಬರು ಟೀ ನೆತ್ತಿಗೇರುವಷ್ಟು ನಕ್ಕರು. "ಏನಪ್ಪಾ ಬೇಡಪ್ಪ, ಅತ್ತೆಯೋರು ಹೇಳೋದು ನಿಜಾನಾ?" ಎಂದು ಹೋಗುವಾಗ ಬಾಗಿಲಲ್ಲೂ ನಿಂತು ಕೇಳಿದರು. ಅವರ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿದ್ದೇ ತಡ, ಬೇಡಪ್ಪ ಕೆಂಡಾಮಂಡಲವಾದ.

"ಅತ್ತೆ, ನಿಮ್ಮ ಬಾಯಿಗೆ ಒಂದು ಬೀಗ ಜಡಿದೇ ಬಿಡ್ತೀನಿ, ನೋಡ್ತಾ ಇರಿ!"

ಪೆಟ್ಟಿಗೆ ಸಾವಕಾಶವಾಗಿ ಉತ್ತರಿಸಿತು. "ಬೀಗ ತರೋಕೆ ಹೋದಾಗ ಕೊಡೆ ಮರೆತು ಬರಬೇಡಿ."

ಈ ಮಾತನ್ನು ಹೆಂಡತಿ ಕೇಳಿದಳು, ಮಾವನೂ ಕೇಳಿದರು. ಮುಂದಿನದಕ್ಕೆಲ್ಲ ಅದೇ ಮೂಲವಾಯಿತು.

ಬೇಡಪ್ಪನ ಸಿಟ್ಟು ರಾತ್ರಿಯ ಊಟದೊಳಗೆ ಇಳಿಯಿತು. ಉಳಿದದ್ದು ಹಟ. ಭಾನುವಾರ ಬೆಳಿಗ್ಗೆ ಎದ್ದವನೇ ನಡುಮನೆಯ ಯಂತ್ರದ ಮುಂದೆ ಕೂತ. ತಕ್ಕಡಿಯ ಹಾಗೆ ಇದನ್ನೂ ಕ್ಷಣದಲ್ಲಿ ಎಬ್ಬಿಸಿ ತೋರಿಸಿದರೆ ಅತ್ತೆಯ ಬಾಯಿ ತಾನಾಗಿ ಮುಚ್ಚುತ್ತದೆ ಎಂಬುದು ಅವನ ಲೆಕ್ಕ. ಮನೆಯ ಯಂತ್ರದ ಚಿಪ್ಪೂ ಹೊಸ ತಕ್ಕಡಿಯ ಚಿಪ್ಪೂ ಒಂದೇ ಕುಲದವು. ಹಾಗಿದ್ದ ಮೇಲೆ ಮೊದಲಿನಿಂದ ಯಾಕೆ ಒದ್ದಾಡಬೇಕು? ತನ್ನ ಮುದ್ದಿನ ಕಾರ್ಖಾನೆಯ ಕಡತವನ್ನೇ ತಂದು ಮುಂದಿಟ್ಟ. ಡಿಸ್ಕು, ದೊಡ್ಡ ಪರದೆ, ಕೀಲಿಮಣೆ, ಇಷ್ಟಕ್ಕೆ ಮಾತ್ರ ಹುಡುಕಿ ವೈ ಒತ್ತಿದ. ಮಿಕ್ಕ ಸಾವಿರಾರು ಪ್ರಶ್ನೆಗಳನ್ನು ಯಂತ್ರ ಕೇಳಲೇ ಇಲ್ಲ. ಅವಕ್ಕೆಲ್ಲ ಕಡತದಲ್ಲಿ ಎಂದೋ ಉತ್ತರ ಬರೆದಾಗಿತ್ತಲ್ಲ. ಮಾತಿನ ಪೆಟ್ಟಿಗೆಯ ಪ್ರಶ್ನೆಯೂ ಆ ರಾಶಿಯಲ್ಲೇ ಸದ್ದಿಲ್ಲದೆ ಹಾದುಹೋಯಿತು. ಈರುಳ್ಳಿ ತೂಗುವ ತಕ್ಕಡಿಗೆ ಬಾಯಿ ಯಾಕೆ?

ಬುದ್ಧಿಯಿದ್ದವರು ಹಳೆಯ ಕರ್ನಲ್ಲನ್ನು ಒಂದು ಪಕ್ಕಕ್ಕಿಟ್ಟುಕೊಂಡಿರುತ್ತಾರೆ. ಹೊಸದು ಕೈಕೊಟ್ಟರೆ ಅದನ್ನೇ ಎಬ್ಬಿಸಬಹುದು. ಬೇಡಪ್ಪ ಅದನ್ನೂ ಬೇಡವೆಂದು ಅಳಿಸಿದ. ಕಾರ್ಖಾನೆಯಲ್ಲಿ ತಕ್ಕಡಿಯನ್ನು ಪರೀಕ್ಷಿಸುವ ಕ್ರಮದಲ್ಲೇ ಇದನ್ನೂ ಪರೀಕ್ಷಿಸಿದ. ಪರದೆ ಬೆಳಗಿತೇ? ಬೆಳಗಿತು. ಗುಂಡಿ ಒತ್ತಿದರೆ ಅಕ್ಷರ ಮೂಡಿತೇ? ಮೂಡಿತು. ಮಾತಿನ ಪೆಟ್ಟಿಗೆಯ ಹಸಿರು ದೀಪ ಗೋಡೆಯ ವಿದ್ಯುತ್ತಿನಿಂದ ಎಂದಿನಂತೆ ಉರಿಯುತ್ತಲೇ ಇತ್ತು. ಯಂತ್ರ ನಿಜಕ್ಕೂ ಕ್ಷಣಮಾತ್ರದಲ್ಲಿ ಎದ್ದು ಕೂತಿತು. ಬೇಡಪ್ಪ ಅಂಗಿಯ ತುದಿಯಿಂದ ಪರದೆ ಒರೆಸಿ, ಮುಗುಳ್ನಗುತ್ತಾ "ಬನ್ನಿ ಅತ್ತೆ" ಎಂದ.

ಅತ್ತೆ ಬಂದು ಕೂತು ಏನನ್ನೋ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಪೆಟ್ಟಿಗೆಯ ಹಸಿರು ದೀಪ ನೋಡಿದರು, ಮುಗುಳ್ನಗುತ್ತಾ ನಿಂತ ಅಳಿಯನ ಮುಖ ನೋಡಿದರು. ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದರು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಬೀಗ ಹಾಕುತ್ತೇನೆಂದವನು ಹಾಕಿಯೇ ಬಿಟ್ಟ ಎಂದು ಅತ್ತೆ ತಿಳಿದರು. ಹೆಂಡತಿಯೂ ಹಾಗೇ ತಿಳಿದಳು. ಮಾವನೂ ಹಾಗೇ ತಿಳಿದರು. ಬೇಡಪ್ಪನಿಗೆ ಮಾತ್ರ ತನ್ನ ಕೈಕೆಲಸ ಗೊತ್ತಿರಲಿಲ್ಲ. ಯಂತ್ರ ಬೇಗ ಎದ್ದದ್ದನ್ನು ಮೆಚ್ಚಿಕೊಳ್ಳಬೇಕಾಗುತ್ತದಲ್ಲ, ಆ ಉರಿಗೆ ಅತ್ತೆ ಗುಂಡಿಗಳನ್ನು ಸುಮ್ಮನೆ ಸವರಿ ಎದ್ದುಹೋಗಿ ಮಾತು ಬಿಟ್ಟಿದ್ದಾರೆ ಎಂದು ಅವನು ತೀರ್ಮಾನಿಸಿದ. ಹೋಗಿ ಕೇಳಬಹುದಿತ್ತು. ಕೇಳಿದರೆ ಬೀಗದ ಮಾತಿಗೆ ಕ್ಷಮೆಯನ್ನೂ ಕೇಳಬೇಕಾದೀತು. ಅದು ಬೇಡ ಅನ್ನಿಸಿತು.

ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಡತಿಗೆ ಗಂಡನ ಕಾಯಿಲೆಗೆ ಗೊತ್ತಿದ್ದ ಮದ್ದು ಒಂದೇ. ಅವನನ್ನು ಏನಾದರೂ ಮಾಡಿ ಎಂದು ಕೇಳಿದರೆ ಬೇಡ ಅನ್ನುತ್ತಾನೆ. ಕೇಳದೆ ಬಿಗಿದುಕೊಂಡಿದ್ದರೆ ಎರಡು ದಿನದಲ್ಲಿ ತಾನಾಗಿ ಮಾಡುತ್ತಾನೆ. ಅವಳು ಬಿಗಿದುಕೊಂಡಳು. ತಟ್ಟೆ ಇಡುವಾಗ ಠಣ್ಣೆನ್ನಿಸಿದಳು, ಮಲಗುವಾಗ ಗೋಡೆಯ ಕಡೆ ತಿರುಗಿದಳು. ತಾಯಿ ಮಗಳು ಸೇರಿ ಸಂಚು ಮಾಡಿದ್ದಾರೆ ಎಂದು ಬೇಡಪ್ಪ ಇನ್ನೂ ಗಟ್ಟಿಯಾದ.

ಮಾವ ಮಾತ್ರ ಮಂಗಳವಾರ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಅಳಿಯಂದ್ರೇ, ಹೊಟ್ಟೇಲಿ ಹುಟ್ಟಿದ ಮಗನೂ ಇಷ್ಟು ಮಾಡ್ತಿರ್ಲಿಲ್ಲ."

"ನಾನೇನ್ ಮಾಡ್ದೆ ಮಾವ?"

"ಗೊತ್ತು ಬಿಡಿ. ಮಾಡಿದ್ದನ್ನ ಹೇಳ್ಕೊಳ್ಳೋ ಜಾತಿಯಲ್ಲ ನೀವು. ನಿನ್ನೆ ಮಧ್ಯಾಹ್ನ ಪೇಪರ್ ಪೂರ್ತಿ ಓದ್ದೆ. ಮದುವೆ ಆದ್ಮೇಲೆ ಇದೇ ಮೊದಲು. ಇನ್ನೊಂದು ತಿಂಗಳಾದ್ರೂ ಹೀಗೇ ಇರ್ಲಿ, ನಿಮ್ಮ ದಮ್ಮಯ್ಯ."

ಯಂತ್ರ ಬೇಗ ಏಳುವುದಕ್ಕೂ ಮಾವ ಪೇಪರ್ ಓದುವುದಕ್ಕೂ ಏನು ಸಂಬಂಧ ಎಂದು ಬೇಡಪ್ಪನಿಗೆ ಹೊಳೆಯಲಿಲ್ಲ. ಆದರೂ ಹೊಗಳಿಕೆ ತಾನೇ, ಇರಲಿ ಎಂದು ಇಟ್ಟುಕೊಂಡ.

ಮೊದಲ ದಿನಗಳಲ್ಲಿ ಮೌನ ಅವನಿಗೂ ಹಾಲು ಕುಡಿದಷ್ಟು ಹಿತವಾಗಿತ್ತು. ಆಮೇಲೆ ಮನೆ ಬಿಚ್ಚಿಕೊಳ್ಳಲು ಶುರುವಾಯಿತು. ಬಚ್ಚಲ ನಲ್ಲಿ ತೊಟ್ಟಿಕ್ಕಿ ಬಕೆಟ್ಟು ತುಂಬಿ ಹರಿಯಿತು. ಒಲೆಯ ಮೇಲಿನ ಹಾಲು ಉಕ್ಕಿ, ಕರಟಿ, ಮನೆಯೆಲ್ಲ ಸೀದ ವಾಸನೆ. ಗುರುವಾರ ಕಾರ್ಖಾನೆಯಲ್ಲಿ ದೊಡ್ಡ ಸಭೆ. ಬೇಡಪ್ಪ ಎಲ್ಲರ ಮುಂದೆ ನಿಂತು ತಕ್ಕಡಿಯ ವಿಷಯ ಅರ್ಧ ಗಂಟೆ ವಿವರಿಸಿದ. ಮುಗಿದ ಮೇಲೆ ಸಾಹೇಬರು ಕಿವಿಯ ಹತ್ತಿರ ಬಗ್ಗಿ, "ಅಂಗಿ ಒಳಮೈ ಹೊರಗೆ ಮಾಡಿ ಹಾಕ್ಕೊಂಡಿದ್ದೀಯಲ್ಲೋ, ಅತ್ತೆಯೋರು ಊರಲ್ಲಿಲ್ವಾ?" ಎಂದರು.

ಬಸ್ಸಿನಲ್ಲಿ ಮನೆಗೆ ಬರುವಾಗ ಅವನಿಗೆ ಒಂದು ವಿಚಿತ್ರ ಅನ್ನಿಸಿತು. ಬೆಳಿಗ್ಗೆ ಬಾಗಿಲು ದಾಟುವಾಗ ಅತ್ತೆ ಅವನನ್ನು ನೋಡಿದ್ದರು. ಅಂಗಿಯನ್ನೂ ನೋಡಿದ್ದರು, ನೋಡದಿರಲು ಸಾಧ್ಯವೇ ಇಲ್ಲ. ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತಿದ್ದರು. ಅತ್ತೆ ಬೈಯಬೇಕಿತ್ತು ಅನ್ನಿಸಿತು. ಬೈಗುಳ ಬೇಕು ಅನ್ನಿಸಿತು. ಬೇಕು ಎಂಬ ಮಾತು ಅವನ ಬಾಯಿಗೆ ರೂಢಿಯಿಲ್ಲದ್ದರಿಂದ ಮನೆಗೆ ಬಂದು ಏನೂ ಹೇಳದೆ ಅಂಗಿ ಬದಲಿಸಿದ.

ಕೆಳಗೆ ಓಣಿಯಂಥ ನಡುದಾರಿಯಲ್ಲಿ ದೀಪ ಕೆಟ್ಟಿತ್ತು. ಮಾವ ಹೊಸ ಬಲ್ಬು ಹಿಡಿದು, ಮೆಟ್ಟಿಲ ಕೆಳಗಿಂದ ಹಳೆಯ ಸ್ಟೂಲನ್ನು ಎಳೆದುಕೊಂಡರು. ಅದರ ಒಂದು ಕಾಲು ಬಿರುಕು ಬಿಟ್ಟಿತ್ತು. ಅದನ್ನು ಹೊರಗೆ ಹಾಕಿ ಎಂದು ಅತ್ತೆ ಯಾವ ಕಾಲದಿಂದಲೋ ಬೈಯುತ್ತಿದ್ದರು, ಬೈಗುಳ ಇದ್ದಷ್ಟು ದಿನ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೈಗುಳ ನಿಂತ ಮೇಲೆ ಮಾವ ಬಿರುಕನ್ನೂ ಮರೆತಿದ್ದರು.

ಬೇಡಪ್ಪ ಮೆಟ್ಟಿಲಿಳಿದು ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲ ನಡೆದುಹೋಯಿತು. ಯಂತ್ರದ ಮುಂದಿದ್ದ ಅತ್ತೆಗೆ ಸ್ಟೂಲು ಕಾಣಿಸಿತು. ಅಭ್ಯಾಸಬಲದಿಂದ ಅವರ ಕೈ ಕೀಲಿಮಣೆಗೆ ಹಾರಿತು. ಬೆರಳುಗಳು ಓಡಿದವು. ಹಸಿರು ದೀಪ ಉರಿಯಿತು, ಪೆಟ್ಟಿಗೆ ಬಾಯಿ ಬಿಡಲಿಲ್ಲ. ಅವರು ಮೇಜನ್ನು ಬಡಿದರು. ಮಾವ ತಿರುಗಿಯೂ ನೋಡದೆ "ಏನೇ ಅದು, ಸೊಳ್ಳೆನಾ?" ಎಂದು ತೋಳು ಮೇಲೆ ಚಾಚಿದರು. ಅತ್ತೆ ಎದ್ದು ಓಡಿದರು. ಅವರ ಬಾಯಿ ಪೂರ್ತಿ ತೆರೆದಿತ್ತು, ಕುತ್ತಿಗೆಯ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಸದ್ದಿಲ್ಲ. ಅಂಥ ಬಾಯಿಯಿಂದ ಒಂದು ಉಸಿರಿನಷ್ಟೂ ಸದ್ದಿಲ್ಲ. ಅವರು ತಲುಪುವುದಕ್ಕೂ ಸ್ಟೂಲಿನ ಕಾಲು ಮುರಿಯುವುದಕ್ಕೂ ಒಂದಾಯಿತು. ಮಾವ ಅತ್ತೆಯ ಮೇಲೆ ಬಿದ್ದರು. ಅದರಿಂದ ತಲೆ ಉಳಿಯಿತು, ಪಾದದ ಕೀಲು ಮುರಿಯಿತು.

ಆಸ್ಪತ್ರೆಗೆ ಹೋಗಿ, ಪ್ಲಾಸ್ಟರ್ ಹಾಕಿಸಿಕೊಂಡು ಬಂದದ್ದಾಯಿತು. ಮರುದಿನ ರಜೆ ಹಾಕಿ ಮನೆಯಲ್ಲೇ ಉಳಿದ ಬೇಡಪ್ಪನ ಮುಂದೆ ಹೆಂಡತಿ ಬಂದು ನಿಂತಳು. ಅವಳ ಬಿಗಿತವೆಲ್ಲ ಕಟ್ಟೆಯೊಡೆದಿತ್ತು.

"ಈಗ ಸಮಾಧಾನ ಆಯ್ತಾ ನಿಮಗೆ? ಅಪ್ಪನ ಕಾಲು ಮುರಿದದ್ದಾಯ್ತು. ಇನ್ನಾದ್ರೂ ಅಮ್ಮನ ಬಾಯಿಗೆ ಹಾಕಿದ ಬೀಗ ತೆಗೀರಿ!"

"ಬೀಗಾನಾ? ನಾನೆಲ್ಲಿ ಹಾಕ್ದೆ? ಅವರೇ ತಾನೇ ಮುನಿಸ್ಕೊಂಡು ಮಾತು ಬಿಟ್ಟಿರೋದು?"

ಹೆಂಡತಿ ತಾಯಿಯ ಮುಖ ನೋಡಿದಳು. ತಾಯಿ ಅಳಿಯನ ಮುಖ ನೋಡಿದರು. ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ ಮಾವ, ಪೂಜಿಸುತ್ತಿದ್ದ ವಿಗ್ರಹ ಮುಕ್ಕಾದವರ ದನಿಯಲ್ಲಿ, "ಅಂದ್ರೆ ನೀವು ಬೇಕು ಅಂತ ಮಾಡಿದ್ದಲ್ವಾ ಅಳಿಯಂದ್ರೇ?" ಎಂದರು.

ಬೇಡಪ್ಪ ಯಂತ್ರದ ಮುಂದೆ ಕುಸಿದು ಕೂತ. ಒಂದು ಮಾತು ಒತ್ತಿ ನೋಡಿದ. ಪೆಟ್ಟಿಗೆ ಸುಮ್ಮನಿತ್ತು. ಕರ್ನಲ್ಲಿನ ಒಳಗೆ ಮಾತಿನ ಪೆಟ್ಟಿಗೆಯ ಡ್ರೈವರನ್ನು ಹುಡುಕಿದ. ಇರಲಿಲ್ಲ. ಎಲ್ಲಿಂದ ಇದ್ದೀತು? ಯಾವತ್ತೋ ಕಾರ್ಖಾನೆಯಲ್ಲಿ, ಪ್ರಶ್ನೆಯನ್ನು ಪೂರ್ತಿ ಓದದೆ ಒತ್ತಿದ ಒಂದು ಎನ್ ಅಲ್ಲಿಂದ ನಡೆದು ಬಂದು ಈ ಮನೆಯಲ್ಲಿ ಅತ್ತೆಯ ಗಂಟಲು ಹಿಡಿದಿತ್ತು. ಅವನ ಕಿವಿ ಬಿಸಿಯಾಯಿತು. ಆದದ್ದನ್ನು ಮುಚ್ಚಿಡದೆ ಹೇಳಿದ.

ಮಾವ ಅದನ್ನು ತಮ್ಮ ಬಸ್ಸಿನ ಲೆಕ್ಕಕ್ಕೆ ಇಳಿಸಿಕೊಂಡರು. "ಅಂದ್ರೆ ಬಸ್ಸಿದೆ, ಒಳಗೆ ಜನ ಕೂತಿದ್ದಾರೆ, ದೀಪಾನೂ ಉರೀತಿದೆ. ಡ್ರೈವರ್‌ನ ಮಾತ್ರ ನೀವು ಮನೆಗೆ ಕಳ್ಸಿಬಿಟ್ಟಿದ್ದೀರಿ."

"ಹೂಂ ಮಾವ." ಆಮೇಲೆ ಅತ್ತೆಯ ಕಡೆ ತಿರುಗಿ, ಕಣ್ಣು ಎತ್ತಲಾರದೆ ಹೇಳಿದ. "ತಪ್ಪಾಯ್ತು ಅತ್ತೆ. ಅವತ್ತು ನೀವು ಒತ್ತಿ ಒತ್ತಿ ನೋಡಿದ್ರಿ. ನಾನು ಒಂದ್ಸಲ ಬಂದು ಕೇಳ್ಲಿಲ್ಲ."

ಅತ್ತೆ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತರು. ಮೊಣಕೈಗೆ ಬ್ಯಾಂಡೇಜು ಸುತ್ತಿತ್ತು. ಕಾರ್ಖಾನೆಯಲ್ಲಿ ಹೊಸಬರ ಹೊಲಿಗೆ ನೋಡಲು ಕೂರುತ್ತಿದ್ದ ಭಂಗಿ ಅದು.

ಬೇಡಪ್ಪ ಮೊದಲ ಬಾರಿಗೆ ಪ್ರಶ್ನೆಗಳನ್ನು ಓದಿದ. ಒಂದು ಪುಟದ ಒಳಗೆ ಇನ್ನೊಂದು ಪುಟ, ಅದರೊಳಗೆ ಮತ್ತೊಂದು. ಒಂದೇ ಕೈಯಿಂದ ಒತ್ತುವ ಕೀಲಿಮಣೆ, ನಡುಗುವ ಬೆರಳಿಗೆಂದು ಮಾಡಿದ ಗುಂಡಿ, ಊದಿದರೆ ಕೆಲಸ ಮಾಡುವ ಕೊಳವೆ. ಇವನ್ನೆಲ್ಲ ಅವನು ವರ್ಷಗಟ್ಟಲೆ ಕಸವೆಂದು ಗುಡಿಸಿದ್ದ. ಒಂದೊಂದರ ಹಿಂದೆಯೂ ಯಾವುದೋ ಮನೆಯಲ್ಲಿ ಯಾರೋ ಒಬ್ಬರು ಕಾಯುತ್ತಾ ಕೂತಿರಬೇಕು. ಕೊನೆಗೆ ಮಾತಿನ ಪೆಟ್ಟಿಗೆಯ ಸಾಲು ಸಿಕ್ಕಿತು. ವೈ, ಎಂ, ಎನ್ ಎಂದು ಮೂರು ಉತ್ತರ ತೋರಿಸಿ ಮಿಟುಕಿಸುತ್ತಾ ನಿಂತಿತು.

"ಈ ಎಂ ಅಂದ್ರೇನ್ರೀ?" ಎಂದು ಹೆಂಡತಿ ಹಿಂದಿನಿಂದ ಬಗ್ಗಿ ಕೇಳಿದಳು.

"ಹೊರಗಡೆ ಇಟ್ಟಿರೋದು. ಬೇಕಾದಾಗ ಸೇರಿಸ್ಬಹುದು, ಬೇಡದಾಗ ತೆಗೀಬಹುದು."

ಮಂಚದ ಕಡೆಯಿಂದ ಮಾವನ ದನಿ ಬಂತು. ಕಾಲು ಮುರಿದರೂ ಆಸೆ ಮುರಿದಿರಲಿಲ್ಲ. "ಅದೇ ಚೆನ್ನಾಗಿದೆಯಲ್ಲಾ ಅಳಿಯಂದ್ರೇ! ನಾನು ಪೇಪರ್ ಓದೋ ಹೊತ್ತಿಗೆ ಮಾತ್ರ ಒಂಚೂರು..."

ಅತ್ತೆ ಅತ್ತ ತಿರುಗಿ ನೋಡಲಿಲ್ಲ. ಅಳಿಯನ ತೋಳನ್ನು ಬೆರಳಿನಿಂದ ತಟ್ಟಿ, ಎಂ ಎಂಬುದನ್ನೇ ತೋರಿಸಿ, ಹುಬ್ಬೇರಿಸಿದರು. ಯಾರು ತೆಗೆಯಬಹುದು ಎಂಬುದು ಆ ಹುಬ್ಬಿನ ಪ್ರಶ್ನೆ. ಬೇಡಪ್ಪನಿಗೆ ಸುಳ್ಳು ಹೇಳಬೇಕೆನಿಸಲಿಲ್ಲ.

"ಪಾಸ್‌ವರ್ಡ್ ಗೊತ್ತಿರೋರು ತೆಗೀಬಹುದು ಅತ್ತೆ. ಅಂದ್ರೆ ನಾನು. ಎಂ ಅಂದ್ರೆ ಬಟ್ಟೆಗೆ ಗುಂಡುಪಿನ್ನು ಚುಚ್ಚಿಟ್ಟ ಹಾಗೆ. ವೈ ಅಂದ್ರೆ ಹೊಲಿದುಬಿಟ್ಟ ಹಾಗೆ. ಆಮೇಲೆ ಮತ್ತೆ ಸಿಟ್ಟು ಬಂದ್ರೂ ಒಂದೇ ಗಳಿಗೇಲಿ ಕಿತ್ತಾಕೋಕೆ ನನಗೂ ಆಗಲ್ಲ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ಬೇಡಪ್ಪನ ಪುಣ್ಯ, ಈ ಮೂಗು ಮತ್ತೆ ಬರುವಂಥದ್ದು. ಅತ್ತೆ ಏನನ್ನೂ ಕೇಳಲಿಲ್ಲ, ಬೇಡಲಿಲ್ಲ. ನೇರ ಕೂತು ಪರದೆಯನ್ನೇ ನೋಡುತ್ತಿದ್ದರು. ಕೈಗಳನ್ನು ಮಾತ್ರ ಮಡಿಲಲ್ಲಿ ಒಂದರೊಳಗೊಂದು ಬಿಗಿಯಾಗಿ ಹಿಡಿದಿದ್ದರು.

ಬೇಡಪ್ಪನ ಬೆರಳು ರೂಢಿಯಂತೆ ಎನ್ ಗುಂಡಿಯನ್ನು ಹುಡುಕಿಕೊಂಡು ಹೋಗಿತ್ತು. ಅದನ್ನು ಅಲ್ಲಿಂದ ಎತ್ತಿ, ವೈ ಒತ್ತಿದ.

ಅತ್ತೆ ಕನ್ನಡಕ ಸರಿಮಾಡಿ ಪರದೆಯ ಹತ್ತಿರಕ್ಕೆ ಬಗ್ಗಿದರು. ಅದೇ ಸಾಲು, ಅದೇ ಗುರುತು. ನಂಬಿಕೆ ಬಂದ ಹಾಗೆ ಕಾಣಲಿಲ್ಲ. ತಾವೂ ಕೈ ಚಾಚಿ ವೈ ಒತ್ತಿದರು.

"ಎರಡು ಸಲ ಒತ್ತಿದ್ರೂ ಒಂದೇ ಅತ್ತೆ."

ಅತ್ತೆ ಮೂರನೇ ಸಲವೂ ಒತ್ತಿದರು. ಬೇಡಪ್ಪ ಬೇಡ ಅನ್ನಲಿಲ್ಲ.

ಕರ್ನಲ್ ಕಟ್ಟುವಷ್ಟು ಹೊತ್ತು ಪರದೆಯ ಮೇಲೆ ಅಕ್ಷರದ ಸಾಲುಗಳು ಓಡುತ್ತಲೇ ಇದ್ದವು. ಹೆಂಡತಿ ಎಲ್ಲರಿಗೂ ಟೀ ತಂದಳು. ಬೇಡಪ್ಪ ಎರಡನೇ ಲೋಟವನ್ನೂ ತೆಗೆದುಕೊಂಡ. ಅವಳು ನಂಬಲಾರದೆ ಲೋಟವನ್ನೂ ಅವನನ್ನೂ ನೋಡಿದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದ ಹೊತ್ತಿಗೆ ಯಂತ್ರ ಒಮ್ಮೆ ಆರಿ ಮತ್ತೆ ಎದ್ದಿತು. ಮೊದಲಿಗಿಂತ ಒಂದು ಚಿಟಿಕೆ ತಡವಾಯಿತು, ಅದನ್ನು ಯಾರೂ ಎತ್ತಿ ಆಡಲಿಲ್ಲ.

ಅತ್ತೆ ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡರು. ಐದಾರು ದಿನದ ಬಾಕಿಯೆಲ್ಲ ಈಗ ತನ್ನ ತಲೆಯ ಮೇಲೆ ಸುರಿಯುತ್ತದೆ ಎಂದು ಬೇಡಪ್ಪನಿಗೆ ಗೊತ್ತಿತ್ತು. ನಲ್ಲಿ, ಹಾಲು, ಅಂಗಿ, ಬೀಗ. ಸುರಿಯಲಿ ಎಂದೇ ತಲೆ ತಗ್ಗಿಸಿ ನಿಂತ. ಅತ್ತೆಯ ಬೆರಳುಗಳು ಒಂದು ಸಾಲನ್ನು ಒತ್ತಿ ನಿಂತವು. ಅವರು ಅಳಿಯನ ಕಡೆ ನೋಡಲಿಲ್ಲ, ಮಂಚದ ಕಡೆ ನೋಡುತ್ತಿದ್ದರು. ಪೆಟ್ಟಿಗೆ ಒಮ್ಮೆ ಗೊರಗುಟ್ಟಿ, ರೈಲು ಸಾರುವ ಅದೇ ತಣ್ಣನೆಯ ದನಿಯಲ್ಲಿ ನುಡಿಯಿತು.

"ರೀ, ಕೆಲಗಿಲೀರಿ. ಸ್ಟೂಲಿನ ಕಾಲು ಬಿರುಕು ಬಿಟ್ಟಿದೆ."

ಬಲ್ಬು ಹಿಡಿದು ಮಾವ ತೋಳು ಚಾಚಿದಾಗ ಆ ಬೆರಳುಗಳು ಒತ್ತಿದ್ದ ಸಾಲು ಅದು ಎಂದು ತಿಳಿಯಲು ಯಾರಿಗೂ ಹೊತ್ತು ಹಿಡಿಯಲಿಲ್ಲ. ಹೆಂಡತಿ ಲೋಟ ಕೆಳಗಿಟ್ಟಳು.

ದಿಂಬಿನ ಮೇಲೆ ಬಿಳಿಯ ಪ್ಲಾಸ್ಟರಿನ ಕಾಲಿಟ್ಟುಕೊಂಡಿದ್ದ ಮಾವ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು.

"ಇಳಿದೆ ಕಣೇ," ಎಂದರು. "ಇಳಿದೆ."